ಅಂಕಣಗಳ ಕಥೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಾಸನಗಳಿಗೆ ಬರವಿಲ್ಲ. ಕೆರೆಯ ಏರಿ, ಗುಡಿಯ ಜಗಲಿ, ಗದ್ದೆಯ ಬದು, ಎಲ್ಲಿ ನೋಡಿದರೂ ಒಂದು ವೀರಗಲ್ಲೋ ಮಾಸ್ತಿಗಲ್ಲೋ ನಿಂತಿರುತ್ತದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ರಜೆ ಬಂತೆಂದರೆ ಈ ಕಲ್ಲುಗಳನ್ನು ಹುಡುಕಿಕೊಂಡು ತಿರುಗುವ ಚಾಳಿ. ಎರಡು ವರ್ಷಗಳ ಹಿಂದೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವೃದ್ಧರೊಬ್ಬರು ತಮ್ಮ ಗದ್ದೆಯಂಚಿನ ವೀರಗಲ್ಲನ್ನು ತೋರಿಸಿ, ಅದರಲ್ಲಿ ಏನು ಬರೆದಿದೆಯೆಂದು ಕೇಳಿದರು. ಅವರ ಮನೆಯವರು ತಲೆತಲಾಂತರದಿಂದ ಆ ಕಲ್ಲಿಗೆ ದೀಪ ಹಚ್ಚುತ್ತ ಬಂದವರು. ನಾನು ಫೋಟೋ ತೆಗೆದುಕೊಂಡು ಬಂದು, ಓದಿ, ತಿಂಗಳು ಕಳೆದ ಮೇಲೆ ಹೋಗಿ ಹೇಳಿದೆ: “ಯಜಮಾನರೇ, ಈ ವೀರ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು.”

ಅವರು ಕಲ್ಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ನಮ್ಮ ಕಲ್ಲಲ್ಲಿ ದನಾನೇ ಇಲ್ವಲ್ಲ, ಮೇಷ್ಟ್ರೇ?” ಎಂದರು.

ನಿಜ. ಕೆಳಗಿನ ಹಂತದಲ್ಲಿ ಕುದುರೆಗಳಿದ್ದವು, ಬಿಲ್ಲಾಳುಗಳಿದ್ದರು. ಹೆಸರಿಗೆ ಒಂದು ಕರುವೂ ಇರಲಿಲ್ಲ. ಅಕ್ಷರ ಬಾರದ ಅವರು ಕಲ್ಲನ್ನು ಓದಿದ್ದರು, ಎಂ.ಎ. ಮಾಡಿದ ನಾನು ಓದಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ಮನೆಗೆ ಬಂದು ನೋಡಿದರೆ ಅದು ಕಂಪ್ಯೂಟರಿನ ಪರದೆಯ ಮೇಲೆಯೇ ಇತ್ತು. ಶಿಕಾರಿಪುರ ತಾಲ್ಲೂಕಿನ ಇನ್ನೊಂದು ವೀರಗಲ್ಲಿನ ಚಿತ್ರ, ಇವರ ಕಲ್ಲಿನ ಚಿತ್ರ, ನಿಘಂಟು, ನಾನು ಬರೆಯುತ್ತಿದ್ದ ಪುಟ, ನಾಲ್ಕೂ ಕಿಟಕಿಗಳು ಒಂದರ ಮೇಲೊಂದು ಕವಿದುಕೊಂಡಿದ್ದವು. ಒಂದನ್ನು ಮುಂದೆ ಎಳೆದರೆ ಮತ್ತೊಂದು ಹಿಂದೆ ಸರಿದು ಮರೆಯಾಗುತ್ತಿತ್ತು. ಹೀಗೆ ಎಳೆದಾಡುವಾಗ ಒಂದು ಕಲ್ಲಿನ ಸಾಲುಗಳು ಇನ್ನೊಂದರ ಪುಟಕ್ಕೆ ಸೇರಿಬಿಟ್ಟಿದ್ದವು. ಒಬ್ಬನ ಮರಣವನ್ನು ಇನ್ನೊಬ್ಬನಿಗೆ ಕೊಟ್ಟಿದ್ದೆ.

ಈ ಸಂಗತಿಯನ್ನು ಹಳೆಯ ಶಿಷ್ಯನೊಬ್ಬನಲ್ಲಿ ಹೇಳಿಕೊಂಡಾಗ ಅವನು ನಕ್ಕು, “ಸಾರ್, ನಿಮಗೆ ಬೇಕಾದದ್ದು ಟೈಲಿಂಗ್ ವಿಂಡೋ ಮ್ಯಾನೇಜರ್” ಎಂದ. ಟೈಲ್ ಎಂದೊಡನೆ ನನಗೆ ನೆನಪಾದದ್ದು ಮಂಗಳೂರು ಹಂಚು. ಆದರೆ ಮಾಡಿನ ಹಂಚು ಒಂದರ ಮೇಲೊಂದು ಕವಿದುಕೊಂಡಿರಬೇಕು, ಇಲ್ಲದಿದ್ದರೆ ಮಲೆನಾಡಿನ ಮಳೆ ಮನೆಯೊಳಗೆ ಬಂದೀತು. ಇವನು ಹೇಳಿದ್ದು ನೆಲದ ಹಾಸುಗಲ್ಲನ್ನು: ಒಂದರ ಪಕ್ಕದಲ್ಲಿ ಒಂದು, ಯಾವುದೂ ಯಾವುದರ ಮೇಲೂ ಏರದಂತೆ. ನಾನಂತೂ ಇದನ್ನು ಅಂಕಣವೆಂದು ಕರೆಯುತ್ತೇನೆ. ನಮ್ಮ ಹಳೆಯ ಮನೆಗಳಲ್ಲಿ ಕಂಬಗಳ ನಡುವಿನ ಜಾಗ ಅಂಕಣ; ಓದುಗರ ಕೈಯಲ್ಲಿರುವ ಈ ಪತ್ರಿಕೆಯಲ್ಲಿ ಇರುವುದೂ ಅಂಕಣವೇ.

ಈ ಏರ್ಪಾಡಿಗೆ ಸ್ವಾರಸ್ಯವಾದ ಚರಿತ್ರೆಯಿದೆ. ಮೇಜಿನ ಮೇಲೆ ಹರಡಿದ ಕಾಗದಗಳಂತೆ ಒಂದರ ಮೇಲೊಂದು ಕವಿಯುವ ಕಿಟಕಿಗಳು ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯದಲ್ಲಿದ್ದ ಝೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ. ಆದರೆ ಅದೇ ಕಂಪೆನಿ 1981ರಲ್ಲಿ ಮಾರಾಟಕ್ಕೆ ತಂದ ‘ಸ್ಟಾರ್’ ಯಂತ್ರದಲ್ಲಿ ಮುಖ್ಯ ಕಿಟಕಿಗಳು ಅಕ್ಕಪಕ್ಕದಲ್ಲಿ ಕೂಡುತ್ತಿದ್ದವು. ಮೈಕ್ರೋಸಾಫ್ಟ್ 1985ರಲ್ಲಿ ಹೊರತಂದ ಮೊದಲ ವಿಂಡೋಸ್ ಸಹ ಹಾಸುಗಲ್ಲಿನ ಪದ್ಧತಿಯದೇ. 1987ರ ಎರಡನೆಯ ಆವೃತ್ತಿಯಲ್ಲಿ ಕಿಟಕಿಗಳು ಒಂದನ್ನೊಂದು ಕವಿಯತೊಡಗಿದವು. ಮರುವರ್ಷವೇ ಆಪಲ್ ಕಂಪೆನಿ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿಂದ ಮುಂದೆ ಕವಿಯುವ ಕಿಟಕಿಯದೇ ರಾಜ್ಯಭಾರ. ಪರದೆ ಅಂಗೈಯಗಲವಿದ್ದ ಕಾಲದಲ್ಲಿ ಪಾಲು ಹಂಚುವುದಕ್ಕೆ ಜಾಗವಾದರೂ ಎಲ್ಲಿತ್ತು?

ಸೋತ ಪಕ್ಷವನ್ನು ಬಿಡದೆ ಹಿಡಿದವರೂ ಇದ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಕ್ಲಾಸ್ ವಿರ್ತ್ ಮತ್ತು ಗುಟ್‌ಕ್ನೆಕ್ಟ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಕಟ್ಟಿದ ‘ಓಬೆರಾನ್’ ವ್ಯವಸ್ಥೆಯಲ್ಲಿ ಪರದೆ ಉದ್ದುದ್ದ ಅಂಕಣಗಳಾಗಿ ಒಡೆಯುತ್ತಿತ್ತು. 2006ರಲ್ಲಿ ಬಂದ ‘ಡಿಡಬ್ಲ್ಯುಎಂ’ ಎಂಬುದರ ಕರ್ತೃಗಳು ತಮ್ಮ ಬರಹ ಎರಡು ಸಾವಿರ ಸಾಲು ಮೀರಬಾರದೆಂದು ವ್ರತ ಹಿಡಿದರು. ಅದರಲ್ಲಿ ಮುಖ್ಯ ಕೆಲಸಕ್ಕೆ ಎಡಗಡೆ ದೊಡ್ಡ ಅಂಕಣ. ಉಳಿದವೆಲ್ಲ ಬಲಗಡೆ ಕೆಳಗೆ ಮೇಲೆ ಕೂಡುತ್ತವೆ. 2009ರಲ್ಲಿ ಜರ್ಮನಿಯ ಮಿಖಾಯೆಲ್ ಸ್ಟಾಪೆಲ್‌ಬರ್ಗ್ ಎಂಬವರು ‘ಐ3’ಯನ್ನು ಹೊರತಂದರು. ನನ್ನ ಶಿಷ್ಯ ನನಗೆ ಹಾಕಿಕೊಟ್ಟದ್ದು ಇದನ್ನೇ. 2021ರ ವಿಂಡೋಸ್ 11ರಲ್ಲಿಯೂ 2024ರ ಆಪಲ್ ಯಂತ್ರಗಳಲ್ಲಿಯೂ ಕಿಟಕಿಗಳನ್ನು ಅಕ್ಕಪಕ್ಕ ಕೂಡಿಸುವ ಅನುಕೂಲ ಬಂದಿರುವುದನ್ನು ನೋಡಿದರೆ, ಬಿಟ್ಟ ಹಾದಿಗೆ ಲೋಕ ಅರ್ಧ ಮರಳಿದೆಯೆಂದೇ ಹೇಳಬೇಕು.

ಇದರ ಕ್ರಮ ಅಣ್ಣತಮ್ಮಂದಿರ ಪಾಲುಪಟ್ಟಿಯಂತೆ. ಮೊದಲು ತೆರೆದ ಕಿಟಕಿಗೆ ಇಡೀ ಪರದೆ. ಎರಡನೆಯದು ಬಂದರೆ ಅರ್ಧ. ಮೂರನೆಯದು ಬಂದರೆ ಮೂರರಲ್ಲೊಂದು. ಅಡ್ಡಲಾಗಿ ಸೀಳಬೇಕೆ, ಉದ್ದಕ್ಕೆ ಸೀಳಬೇಕೆ ಎಂಬುದನ್ನು ಒಂದು ಕೀಲಿ ಒತ್ತಿ ಹೇಳಬಹುದು. ಸೀಳಿದ ಭಾಗವನ್ನು ಮತ್ತೆ ಸೀಳಬಹುದು. ಪಾಲು ತೀರ ಕಿರಿದಾಯಿತೆಂದರೆ ಕೆಲವು ಕಿಟಕಿಗಳನ್ನು ಒಂದೇ ಅಂಕಣದಲ್ಲಿ ಪೇರಿಸಿ, ತಲೆಪಟ್ಟಿಗಳು ಮಾತ್ರ ಕಾಣುವಂತೆ ಇಡಬಹುದು. ಹೀಗೆ ಒಮ್ಮೆ ಹೂಡಿದ ವಿನ್ಯಾಸವನ್ನು ಬರೆದಿಟ್ಟುಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುವ ಸೌಕರ್ಯವೂ ಉಂಟು. ಈಗ ನನ್ನ ಒಂದನೆಯ ಪರದೆ ಶಿಕಾರಿಪುರದ್ದು, ಎರಡನೆಯದು ಸೊರಬದ್ದು. ಎರಡರಲ್ಲೂ ಎಡಗಡೆ ಕಲ್ಲು, ಬಲಗಡೆ ಮೇಲೆ ನಿಘಂಟು, ಕೆಳಗೆ ನನ್ನ ಬರವಣಿಗೆ. ಒಂದರ ಸಾಲು ಇನ್ನೊಂದಕ್ಕೆ ಹಾರುವುದಕ್ಕೆ ಸುಲಭವಾದ ದಾರಿಯಿಲ್ಲ.

ಬಿ.ಎಲ್. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಬಳಸಿದವರಿಗೆ ಇದರ ಬೆಲೆ ಗೊತ್ತಾದೀತು. 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರ, 1904ರ ಎಂಟನೆಯದರಲ್ಲಿ ಸೊರಬ. ಕನ್ನಡ ಅಕ್ಷರದ ಪಾಠ ಒಂದು ಕಡೆ, ರೋಮನ್ ಲಿಪಿಯದು ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ. ಮೂರು ಜಾಗಕ್ಕೆ ಮೂರು ಬೆರಳು ಸಿಕ್ಕಿಸಿಕೊಂಡು ಓದಬೇಕು.

ಹಾಗೆ ನೋಡಿದರೆ, ಜಾಗವನ್ನು ಹಂಚುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೆಯ ಶತಮಾನದ ಕದಂಬರ ಕಂಬಕ್ಕೆ ಎಂಟು ಮುಖ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು ಗಿಡ್ಡ ಸಾಲು. ಸಾಲುಗಳೆಲ್ಲ ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ. ಕವಿ ಕುಬ್ಜನ ಸಂಸ್ಕೃತ ಕಾವ್ಯ ಆ ಸಣ್ಣ ಕಂಬದಲ್ಲಿ ಇಕ್ಕಟ್ಟಿಲ್ಲದೆ ಕುಳಿತಿದೆ.

ವೀರಗಲ್ಲಿನ ಶಿಲ್ಪಿಯೂ ಅಷ್ಟೇ. ಬಳ್ಳಿಗಾವಿಯಲ್ಲಿ ಸಾಲಾಗಿ ನಿಲ್ಲಿಸಿರುವ ಕಲ್ಲುಗಳನ್ನು ನೋಡಿ: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ, ಹಂತಗಳ ನಡುವಣ ಪಟ್ಟಿಯಲ್ಲಿ ಅಕ್ಷರ. ಸಾವು ಸ್ವರ್ಗವನ್ನು ಮರೆಮಾಡುವುದಿಲ್ಲ, ಸ್ವರ್ಗ ಸಾವನ್ನು ಮುಚ್ಚುವುದಿಲ್ಲ. ಅಕ್ಷರವೂ ಚಿತ್ರವೂ ಒಂದೇ ನೋಟಕ್ಕೆ ಸಿಗುವುದರಿಂದ, ಅಕ್ಷರ ಹೇಳಿದ್ದು ಸರಿಯೇ ಎಂದು ಚಿತ್ರವನ್ನು ಕೇಳಬಹುದು. ಆ ವೃದ್ಧರು ಕೇಳಿದ್ದು ಹಾಗೆಯೇ.

ಅಕ್ಕಪಕ್ಕದಲ್ಲಿಟ್ಟ ಮಾತ್ರಕ್ಕೆ ಪರದೆ ತಾನೇ ಓದಿಕೊಡುವುದಿಲ್ಲ, ನಿಜ. ಸವೆದ ಅಕ್ಷರ ಅಲ್ಲಿಯೂ ಸವೆದೇ ಇರುತ್ತದೆ. ಆದರೆ ಎರಡನೆಯ ಸಲ ಓದುವಾಗ ಕುದುರೆಗಳು ನನ್ನ ಕಣ್ಣೆದುರಿಗೇ ಇದ್ದವು. ತುರುಗಳಿಲ್ಲದ ಕಲ್ಲಿಗೆ ತುರುಗಾಳಗವನ್ನು ಹಚ್ಚುವ ಧೈರ್ಯ ಬರಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ಊರಳಿವು. ಊರನ್ನು ಹಾಳುಗೆಡಹಲು ಬಂದವರನ್ನು ತಡೆದು ಅವನು ಬಿದ್ದಿದ್ದ.

ಮತ್ತೆ ಹೋಗಿ, ಮೊದಲು ಹೇಳಿದ್ದು ತಪ್ಪೆಂದು ಒಪ್ಪಿಕೊಂಡು, ಸರಿಯಾದದ್ದನ್ನು ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗನನ್ನು ಕೂಗಿ ಕರೆದು, “ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಇವನೂ ಕೇಳಲಿ” ಎಂದರು.