ಇಲ್ಲದ ಊರಿಗೆ ದಾರಿ ಕೇಳುತ್ತಾ

ರಾಮನಗರದಲ್ಲಿ ಬಸ್ಸಿಳಿದು ರಾಮದೇವರ ಬೆಟ್ಟಕ್ಕೆ ಹೋಗಬೇಕು ಎಂದರೆ ಆಟೋದವರು ಒಮ್ಮೆ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಶೋಲೆ ಬೆಟ್ಟಕ್ಕಾ ಸಾರ್?’ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಶ್ರಾವಣದ ಶನಿವಾರ ಹಣ್ಣುಕಾಯಿ ಹಿಡಿದು ಬಂದವರನ್ನು ಹೀಗೆ ಕೇಳುವುದಿಲ್ಲ. ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡವರು ದೇವರನ್ನು ನೋಡಲು ಬಂದವರಲ್ಲ ಎಂಬುದು ಅವರಿಗೆ ಐವತ್ತು ವರ್ಷದ ಅನುಭವದಿಂದ ಗೊತ್ತು.

ಬಂದವರು ಹುಡುಕುವುದು ರಾಮಗಡವನ್ನು. ಠಾಕೂರನ ಮನೆ, ವೀರು ಕುಡಿದು ಹತ್ತಿದ ನೀರಿನ ಟ್ಯಾಂಕು, ಇಮಾಮ್ ಸಾಹೇಬರ ಮಸೀದಿ, ರಾಧೆ ದೀಪ ಆರಿಸುತ್ತಿದ್ದ ಜಗಲಿ. ಇವುಗಳಲ್ಲಿ ಒಂದೂ ಇಲ್ಲಿಲ್ಲ. ಚಿತ್ರೀಕರಣಕ್ಕೆಂದು ಕಟ್ಟಿದ ಊರನ್ನು ಚಿತ್ರೀಕರಣ ಮುಗಿದ ಮೇಲೆ ಬಿಚ್ಚಿ ಹಾಕಿದರು. ಉಳಿದದ್ದು ಮನುಷ್ಯರು ಕಟ್ಟದ ವಸ್ತು, ಅಂದರೆ ಬಂಡೆ. ‘ಇಲ್ಲೇ ಸಾರ್, ಇಲ್ಲೇ ಗಬ್ಬರ್ ಕೂತಿದ್ದದ್ದು’ ಎಂದು ಯಾರಾದರೂ ಬೆರಳು ಚಾಚಿದರೆ ಒಂದು ಬಂಡೆಯ ಪಕ್ಕ ಅಂಥದ್ದೇ ಇನ್ನೂ ನಾಲ್ಕು ಬಂಡೆಗಳು ಕಾಣುತ್ತವೆ.

1973ರ ಅಕ್ಟೋಬರ್ ಮೊದಲ ವಾರದಲ್ಲಿ ಇಲ್ಲಿ ಕ್ಯಾಮೆರಾ ಚಾಲೂ ಆಯಿತು. ಮೊದಲು ತೆಗೆದದ್ದು ಅಬ್ಬರದ ದೃಶ್ಯವನ್ನಲ್ಲ. ಜೈ ತಿಜೋರಿಯ ಕೀಲಿಕೈಯನ್ನು ರಾಧೆಗೆ ಹಿಂತಿರುಗಿಸುವ ಪುಟ್ಟ ಸನ್ನಿವೇಶವನ್ನು. ಹಿಂದಿಯಲ್ಲಿ ಡಕಾಯಿತರ ಚಿತ್ರಗಳು ಅದಾಗಲೇ ಬೇಕಾದಷ್ಟು ಬಂದಿದ್ದವು. ಅವುಗಳ ಡಕಾಯಿತರೆಲ್ಲ ಚಂಬಲ್ ಕಣಿವೆಯ ಮಣ್ಣಿನ ಕೊರಕಲುಗಳಲ್ಲೋ ರಾಜಸ್ಥಾನದ ಮರಳಲ್ಲೋ ಕುದುರೆ ಓಡಿಸಿದವರು. ನಿರ್ದೇಶಕ ರಮೇಶ್ ಸಿಪ್ಪಿಗೆ ಬೇರೆ ನೆಲ ಬೇಕಿತ್ತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ದಕ್ಷಿಣಕ್ಕೆ ಬಂದು ಈ ಬೆಟ್ಟಸಾಲನ್ನು ಆರಿಸಿದರು. ಇಲ್ಲಿ ಬೆಟ್ಟವಿತ್ತು, ದಾರಿ ಇರಲಿಲ್ಲ. ಹೆದ್ದಾರಿಯಿಂದ ಬೆಟ್ಟದ ಬುಡಕ್ಕೆ ರಸ್ತೆ ಹಾಕಿದರು, ಟೆಲಿಫೋನು ತಂತಿ ಎಳೆದರು, ಉಗ್ರಾಣ ಕಟ್ಟಿದರು, ಅಡುಗೆಮನೆ ಹೂಡಿದರು. ತಾರೆಯರು ಬೆಂಗಳೂರಿನ ಹೋಟೆಲುಗಳಲ್ಲಿ ತಂಗಿ, ದಿನವೂ ಐವತ್ತು ಕಿಲೋಮೀಟರು ಬಂದುಹೋಗುತ್ತಿದ್ದರು. ಸುತ್ತಲಿನ ಹಳ್ಳಿಯವರು ರಾಮಗಡದ ಪ್ರಜೆಗಳಾದರು. ಒಂದು ಭಾಗಕ್ಕೆ ನಿರ್ಮಾಪಕರ ಮನೆತನದ ನೆನಪಿಗೆ ‘ಸಿಪ್ಪಿ ನಗರ’ ಎಂಬ ಹೆಸರೂ ಬಿತ್ತು.

ಚಿತ್ರವನ್ನು ಈಗ ನೋಡುವಾಗ ಕಥೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಹಿನ್ನೆಲೆಯನ್ನಷ್ಟೇ ಗಮನಿಸಿ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಈ ಕಲ್ಲುಗಳನ್ನು ಪಾತ್ರಗಳ ಹಾಗೆಯೇ ಬಳಸಿದ್ದಾರೆ. ಗಬ್ಬರ್ ಸಿಂಗ್ ಮೊದಲ ಬಾರಿ ತೆರೆಗೆ ಬರುವಾಗ ಮುಖ ಕಾಣುವುದಿಲ್ಲ. ಬಂಡೆಯ ಮೇಲೆ ನಡೆಯುವ ಬೂಟು, ಬಂಡೆಯ ಮೇಲೆ ಎಳೆಯುತ್ತಾ ಬರುವ ಬೆಲ್ಟು, ಲೋಹ ಕಲ್ಲಿಗೆ ತಾಗುವ ಸದ್ದು. ಚಂಬಲ್ಲಿನ ಮಣ್ಣಿನಲ್ಲಿ ಆ ಸದ್ದು ಹುಟ್ಟುತ್ತಿರಲಿಲ್ಲ. ಅಮ್ಜದ್ ಖಾನ್ ಆಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ನಟ. ಅವರಿಗೆ ಅರ್ಧ ಭಯಂಕರತೆಯನ್ನು ಈ ಬೆಟ್ಟವೇ ಸಾಲ ಕೊಟ್ಟಿತು ಎನ್ನುವುದು ನನ್ನ ಅಭಿಪ್ರಾಯ. ರಾಧೆ ಒಂದೊಂದೇ ದೀಪ ಆರಿಸುತ್ತಿರುವಾಗ ಕೆಳಗೆ ಜೈ ಮೌತ್ ಆರ್ಗನ್ ನುಡಿಸುವ ದೃಶ್ಯ ತೆರೆಯ ಮೇಲೆ ಕೆಲವೇ ಕ್ಷಣ ಇರುತ್ತದೆ. ಸೂರ್ಯ ಮುಳುಗಿ ಕತ್ತಲಾಗುವ ನಡುವಿನ ಆ ಬೆಳಕು ದಿನಕ್ಕೆ ಕೆಲವು ನಿಮಿಷವಷ್ಟೇ ಸಿಗುವುದರಿಂದ ಅದಕ್ಕೆ ಇಪ್ಪತ್ತು ದಿನ ಹಿಡಿಯಿತಂತೆ. ರಾಮನಗರದ ಮುಸ್ಸಂಜೆಗಳನ್ನು ಇಷ್ಟು ತಾಳ್ಮೆಯಿಂದ ಅದಕ್ಕೆ ಮೊದಲು ಯಾರೂ ಕಾದಿರಲಾರರು.

ಹಾಗೆಂದು ಇಡೀ ‘ಶೋಲೆ’ ಇಲ್ಲಿ ಹುಟ್ಟಿದ್ದಲ್ಲ. ಗೂಡ್ಸ್ ರೈಲಿನ ಮೇಲಿನ ಹೋರಾಟವನ್ನು ಮಹಾರಾಷ್ಟ್ರದ ಪನ್ವೇಲ್ ಬಳಿ ತೆಗೆದರು. ಆ ರೈಲನ್ನು ಹುಡುಕಿಕೊಂಡು ರಾಮನಗರದ ರೈಲ್ವೆ ಗೇಟಿನ ಬಳಿ ನಿಲ್ಲುವವರು ಇದ್ದಾರೆ, ಪಾಪ.

ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು. ತುರ್ತುಪರಿಸ್ಥಿತಿ ಜಾರಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಎರಡೂ ಕೈ ಕಳೆದುಕೊಂಡ ಠಾಕೂರ್, ಮೊಳೆ ಜಡಿದ ಜೋಡಿನಿಂದ ಗಬ್ಬರನನ್ನು ತುಳಿದು ಕೊಲ್ಲುವುದು ಮೂಲದ ಅಂತ್ಯ. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನನ್ನು ಕಾಲಿಗೆ ತೆಗೆದುಕೊಳ್ಳುವುದು ಸೆನ್ಸಾರಿನವರಿಗೆ ಒಗ್ಗಲಿಲ್ಲ. ಹೊಸ ಅಂತ್ಯದಲ್ಲಿ ಸರಿಯಾದ ಗಳಿಗೆಗೆ ಪೊಲೀಸರು ಬಂದು ಠಾಕೂರನನ್ನು ತಡೆಯುತ್ತಾರೆ. ಐವತ್ತು ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಇಟಲಿಯ ಬೊಲೋನ್ಯಾ ಚಿತ್ರೋತ್ಸವದಲ್ಲಿ ಮೂಲ ಅಂತ್ಯವಿರುವ ಪ್ರತಿಯನ್ನು ಸರಿಪಡಿಸಿ ತೋರಿಸಿದರು. ಕಥೆಯ ಕೊನೆ ಮಾತ್ರವಲ್ಲ, ಕಥೆ ನಡೆಯುವ ಜಾಗದ ಹೆಸರೂ ಆಳುವವರ ಮರ್ಜಿಗೆ ತಕ್ಕಂತೆ ಬದಲಾಗುತ್ತದೆ ಎನ್ನುವುದಕ್ಕೆ ರಾಮನಗರದಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಟಿಪ್ಪುವಿನ ಕಾಲದಲ್ಲಿ ಈ ಊರು ಶಂಸೇರಾಬಾದ್. ಪಕ್ಕದ ರಾಮಗಿರಿಯ ಮೇಲೆ ಕೋಟೆ ಇತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ, ಗೆಲ್ಲಲಾಗದ್ದು ಎಂದೇ ಹೆಸರಾಗಿದ್ದ ಸಾವನದುರ್ಗವನ್ನು ಹಿಡಿದ ಬೆನ್ನಿಗೆ ರಾಮಗಿರಿಯೂ ಇಂಗ್ಲಿಷರ ಕೈಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದವನು ಬ್ಯಾರಿ ಕ್ಲೋಸ್. ಮರುವರ್ಷ ದಿವಾನ್ ಪೂರ್ಣಯ್ಯ ಇಲ್ಲಿ ಪೇಟೆಯೊಂದನ್ನು ಕಟ್ಟಿಸಿ ಅದಕ್ಕೆ ಕ್ಲೋಸ್‌ಪೇಟೆ ಎಂದು ಹೆಸರಿಟ್ಟರು. ಕಟ್ಟಿಸಲು ಕಾರಣವೇನೆಂದು ನೋಡಿದರೆ ನಗು ಬರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿ ಇಲ್ಲಿ ದಟ್ಟ ಕಾಡಿನ ನಡುವೆ ಹಾಯುತ್ತಿತ್ತು. ಒಂದು ಊರು ನೆಲೆ ನಿಂತರೆ ದಾರಿಹೋಕರು ನಿರ್ಭಯವಾಗಿ ಸಾಗಬಹುದು ಎಂಬ ಎಣಿಕೆ. ಹಾದಿ ನಿರ್ಭಯವಾಗಲಿ ಎಂದು ಹುಟ್ಟಿದ ಊರು ಕೊನೆಗೆ ಹೆಸರುವಾಸಿಯಾದದ್ದು ಒಬ್ಬ ಡಕಾಯಿತನಿಂದ.

ಕ್ಲೋಸ್ ಇಲ್ಲಿದ್ದದ್ದು ಎರಡು ವರ್ಷ, ಆಮೇಲೆ ಪುಣೆಗೆ ಹೋದ. ಅವನ ಹೆಸರು ಮಾತ್ರ ಒಂದೂವರೆ ಶತಮಾನ ಈ ಊರಿಗೆ ಅಂಟಿಕೊಂಡಿತ್ತು. ಸ್ವಾತಂತ್ರ್ಯದ ನಂತರ ಕೆಂಗಲ್ ಹನುಮಂತಯ್ಯನವರ ಕಾಲಕ್ಕೆ ರಾಮನಗರವಾಯಿತು. ಅವರು ಹತ್ತಿರದ ಲಕ್ಕಪ್ಪನಹಳ್ಳಿಯವರು. ಆದರೆ ಭೂವಿಜ್ಞಾನಿಗಳು ಹಳೆಯ ಹೆಸರನ್ನು ಬಿಡಲಿಲ್ಲ. ಈ ಸೀಮೆಯ ಶಿಲೆಗೆ ಅವರು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ತೆಳು ಗುಲಾಬಿ, ಬೂದು ಬಣ್ಣದ ಈ ಕಲ್ಲಿನ ಪಟ್ಟಿ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಹಬ್ಬಿದೆ, ಅಗಲ ಸುಮಾರು 20 ಕಿಲೋಮೀಟರು. ವಯಸ್ಸು 250 ಕೋಟಿ ವರ್ಷದ ಆಸುಪಾಸು. ಊರಿನವರೇ ಮರೆತ ರೆಸಿಡೆಂಟನೊಬ್ಬ ಹೀಗೆ ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಕೂತುಬಿಟ್ಟಿದ್ದಾನೆ.

2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಶಂಸೇರಾಬಾದ್, ಕ್ಲೋಸ್‌ಪೇಟೆ, ರಾಮನಗರ, ಬೆಂಗಳೂರು ದಕ್ಷಿಣ. ನಡುವೆ ಕೆಲಕಾಲ ರಾಮಗಡ.

ಅದೊಂದೇ ವೇಷವಲ್ಲ. ‘ಶೋಲೆ’ಯಾಗಿ ಹತ್ತು ವರ್ಷಕ್ಕೆ ಡೇವಿಡ್ ಲೀನ್ ಬಂದರು. ಇ.ಎಂ. ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಅವರು ಸಿನಿಮಾ ಮಾಡಿದರು, 1984ರಲ್ಲಿ ಬಿಡುಗಡೆಯಾಯಿತು. ಕಥೆಯ ತಿರುಳಿರುವುದು ಮರಬಾರ್ ಗುಹೆಗಳಲ್ಲಿ. ಫಾರ್ಸ್ಟರನ ಮನಸ್ಸಿನಲ್ಲಿದ್ದದ್ದು ಬಿಹಾರದ ಬರಾಬರ್ ಗುಹೆಗಳು. ಆ ಬೆಟ್ಟಗಳು ಲೀನ್ ಅವರ ಕಣ್ಣಿಗೆ ಸಪ್ಪೆಯಾಗಿ ಕಂಡವು. ಅವರು ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಮರಬಾರ್ ಮಾಡಿದರು, ಗುಹೆಯ ಬಾಯಿಗಳನ್ನು ಚಿತ್ರಕ್ಕೆಂದೇ ಮಾಡಿಸಿದರು. ಹೀಗೆ ನಮ್ಮ ಬೆಟ್ಟ ಒಮ್ಮೆ ಉತ್ತರದ ಯಾವುದೋ ಠಾಕೂರರ ಹಳ್ಳಿಯ ಬೆಟ್ಟ, ಇನ್ನೊಮ್ಮೆ ಬಿಹಾರದ ಬೆಟ್ಟ. ಎರಡೂ ಸಲ ಪ್ರಪಂಚ ನೋಡಿತು. ಎರಡೂ ಸಲ ಅದು ತಾನಾಗಿ ಕಾಣಲಿಲ್ಲ. ರಾಗಿ ಹೊಲ, ಹುಣಸೆಮರ, ಹಿಪ್ಪುನೇರಳೆ ತೋಟ, ಏಷ್ಯಾದಲ್ಲೇ ದೊಡ್ಡದು ಎನ್ನುವ ರೇಷ್ಮೆಗೂಡಿನ ಮಾರುಕಟ್ಟೆ, ಕೂಗಿ ಹರಾಜು ಹಾಕುವ ಗದ್ದಲ, ಇವು ಯಾವ ಚಿತ್ರಕ್ಕೂ ಬೇಕಾಗಿರಲಿಲ್ಲ.

ನಾವು ಮೆಟ್ಟಿಲು ಹತ್ತಿದ ದಿನ ಮುಂದೆ ಹೋಗುತ್ತಿದ್ದ ಅಜ್ಜಿಯೊಬ್ಬರು ಮಧ್ಯದಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಜೊತೆಗಿದ್ದ ಮೊಮ್ಮಗ ‘ಅಜ್ಜಿ, ಗಬ್ಬರ್ ಇಲ್ಲೇ ಇದ್ದನಂತೆ’ ಎಂದ. ‘ಯಾವನೋ ಅವ್ನು? ರಾಮದೇವ್ರು ಇದ್ದದ್ದು ಕಣಪ್ಪ’ ಎಂದರು ಅಜ್ಜಿ. ಹುಡುಗ ಸುಮ್ಮನಾದ. ಮೇಲೆ ಪಟ್ಟಾಭಿರಾಮನ ಗುಡಿ ಇದೆ, ಪಕ್ಕದಲ್ಲಿ ಬಂಡೆಯ ನಡುವೆ ಕೊಳವಿದೆ. ವನವಾಸದಲ್ಲಿ ರಾಮ ಇಲ್ಲಿ ತಂಗಿದ್ದ ಎನ್ನುವುದು ಐತಿಹ್ಯ. ಅಜ್ಜಿಯ ಕಥೆ, ಮೊಮ್ಮಗನ ಕಥೆ, ಎರಡಕ್ಕೂ ಕುರುಹು ಕೇಳಿದರೆ ಕೈಗೆ ಸಿಗುವುದು ಅದೇ ಬಂಡೆ.

ಮೂರನೆಯ ಕಥೆಯೊಂದಿದೆ, ಅದಕ್ಕೆ ಕುರುಹು ಬೇಕಾದಷ್ಟಿದೆ. ಎದುರಿನ ಕಡಿದಾದ ಬಂಡೆಯನ್ನು ನೋಡಿದರೆ ಅಲ್ಲಲ್ಲಿ ಸುಣ್ಣ ಸುರಿದಂತೆ ಬಿಳಿಯ ಗೆರೆಗಳು ಇಳಿದಿರುತ್ತವೆ. ಅದು ಹಿಕ್ಕೆ, ಅದರ ಮೇಲಿನ ಚಾಚು ಕಲ್ಲಿನಲ್ಲಿ ರಣಹದ್ದಿನ ಗೂಡು. ಉದ್ದ ಕೊಕ್ಕಿನ ರಣಹದ್ದುಗಳು ಮರಕ್ಕಿಂತ ಇಂಥ ಕಡಿದಾದ ಕಲ್ಲುಗಳನ್ನೇ ನೆಚ್ಚಿಕೊಂಡವು. ‘ಶೋಲೆ’ ತೆಗೆಯುವ ಕಾಲಕ್ಕೆ ರಣಹದ್ದು ಯಾರೂ ತಲೆಯೆತ್ತಿ ನೋಡದಷ್ಟು ಸಾಮಾನ್ಯ. ಊರಾಚೆ ದನ ಸತ್ತು ಬಿದ್ದರೆ ಹಿಂಡುಗಟ್ಟಿ ಇಳಿಯುತ್ತಿದ್ದವು. ತೊಂಬತ್ತರ ದಶಕದಲ್ಲಿ ದೇಶದಾದ್ಯಂತ ಅವು ಸಾಯತೊಡಗಿದವು. ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಇಲ್ಲವಾದವು. ಕಾರಣ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಮದ್ದು ಮೈಯಲ್ಲಿರುವ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. 2006ರಲ್ಲಿ ಪಶುಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ಈ ಬೆಟ್ಟದ ಹದ್ದುಗಳೂ ಬೆರಳೆಣಿಕೆಗೆ ಇಳಿದಿದ್ದವು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಿದರು. ದೇಶದಲ್ಲಿ ಅಂಥದ್ದು ಅದೇ ಮೊದಲು. ಬೆಂಗಳೂರಿನಿಂದ ಹಗ್ಗ ಹಿಡಿದು ಬಂಡೆ ಹತ್ತಲು ಬರುತ್ತಿದ್ದ ಹುಡುಗರಿಗೆ ಇದು ಬೇಸರ ತಂದಿತು. ಅವರ ಬೇಸರ ಅರ್ಥವಾಗುವಂಥದ್ದೇ.

2017ರಲ್ಲಿ ಪ್ರವಾಸೋದ್ಯಮ ಇಲಾಖೆಯ ಕಡೆಯಿಂದ ಇನ್ನೊಂದು ಮಾತು ಕೇಳಿಬಂತು. ಬರುವ ಜನ ರಾಮಗಡ ಎಲ್ಲಿ ಎಂದು ಕೇಳುತ್ತಾರಲ್ಲ, ತಂತ್ರಜ್ಞಾನ ಬಳಸಿ ‘ಶೋಲೆ’ಯ ಊರನ್ನು ಮತ್ತೆ ತೋರಿಸಿದರೆ ಹೇಗೆ ಎಂದು. ಪರಿಸರದ ಬಗ್ಗೆ ಕಾಳಜಿ ಇರುವವರು ಕೂಡಲೇ ಆಕ್ಷೇಪ ಎತ್ತಿದರು. ಹದ್ದುಗಳ ವಿಷಯ ಬಿಟ್ಟರೂ ನನಗೆ ಆ ಯೋಚನೆ ಹಿಡಿಸಲಿಲ್ಲ. ಸಿನಿಮಾದಲ್ಲಿ ನೋಡಿದ್ದನ್ನೇ ಮತ್ತೆ ಕನ್ನಡಕ ಹಾಕಿಕೊಂಡು ನೋಡಲು ರಾಮನಗರದವರೆಗೆ ಯಾಕೆ ಬರಬೇಕು? ಇಲ್ಲದ ಊರನ್ನು ಹುಡುಕಿಕೊಂಡು ಬಂದು, ಇರುವ ಬೆಟ್ಟವನ್ನು ಕಂಡು ಹೋಗುವುದರಲ್ಲಿ ಒಂದು ಲಾಭವಿದೆ. ಜನಪದ ಲೋಕದಂಥ ಜಾಗವೂ ಇಲ್ಲೇ ಇದೆ. ಎಚ್.ಎಲ್. ನಾಗೇಗೌಡರು ತೊಗಲುಗೊಂಬೆ, ನೇಗಿಲು, ಕಣಜ, ತಮಟೆಗಳನ್ನೆಲ್ಲ ಊರೂರು ಸುತ್ತಿ ಕೂಡಿಹಾಕಿದ್ದಾರೆ. ರಾಮಗಡದ ಕಲಾ ನಿರ್ದೇಶಕರು ಹಲಗೆಯಲ್ಲಿ ಕಟ್ಟಿದ ಹಳ್ಳಿ ಹೋಯಿತು, ನಿಜವಾದ ಹಳ್ಳಿಗಳ ಸಾಮಾನು ಅಲ್ಲಿ ಉಳಿದಿದೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್ ರಸ್ತೆ ರಾಮನಗರವನ್ನು ಮುಟ್ಟದೆ ಪಕ್ಕದಿಂದ ಹಾದುಹೋಗುತ್ತದೆ. ದಾರಿಗಾಗಿ ಹುಟ್ಟಿದ ಪೇಟೆಯನ್ನು ದಾರಿಯೇ ಬಿಟ್ಟು ಹೋಗಿದೆ. ಈಗ ಬೆಟ್ಟಕ್ಕೆ ಬರುವವರು ಬೇಕೆಂದೇ ಹಳೇ ರಸ್ತೆಗೆ ಇಳಿದು ಬರಬೇಕು. ಬರುವುದಾದರೆ ನವೆಂಬರಿನಿಂದ ಬೇಸಿಗೆಯವರೆಗಿನ ತಿಂಗಳುಗಳು ಹದ್ದುಗಳು ಗೂಡು ಕಟ್ಟುವ ಕಾಲ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮೆಟ್ಟಿಲ ಮೇಲೆ ನಿಂತು ಗಬ್ಬರನ ಮಾತನ್ನು ಗಟ್ಟಿಯಾಗಿ ಕೂಗಿ ಬಂಡೆಯಿಂದ ಪ್ರತಿಧ್ವನಿ ಬರುತ್ತದೋ ಎಂದು ನೋಡುವ ಚಟ ನಮ್ಮವರಿಗೆ ಇದೆ. ಬರುತ್ತದೆ. ಆ ಬಂಡೆಯಲ್ಲೇ ಗೂಡೂ ಇದೆ.