ಪದ ಪರಿಚಯ: ಆದೇಶ

ಸರಕಾರಿ ಆದೇಶ ಎಲ್ಲರಿಗೂ ಗೊತ್ತು. ವ್ಯಾಕರಣದ ಆದೇಶ ಬೇರೆ: ಒಂದು ಅಕ್ಷರ ಎದ್ದುಹೋಗಿ ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು. ‘ಮಳೆ’, ‘ಕಾಲ’ ಸೇರಿದಾಗ ಕಕಾರ ಹೋಗಿ ಗಕಾರ ಬಂದು ‘ಮಳೆಗಾಲ’. ಪಾಣಿನೀಯರು ಜಾಗ ಬಿಟ್ಟುಕೊಡುವುದನ್ನು ಸ್ಥಾನಿ ಎಂದೂ ಬಂದು ಕೂರುವುದನ್ನು ಆದೇಶ ಎಂದೂ ಕರೆದರು. ಎಷ್ಟು ಅಚ್ಚುಕಟ್ಟಾದ ಜೋಡಿ!

ತಂತ್ರಾಂಶ ಕಟ್ಟುವ ‘ಮೇಕ್’ನಲ್ಲಿ ಮ್ಯಾಕ್ರೋ ಮಾಡುವ ಕೆಲಸವೂ ಇದೇ: ಹೆಸರು ಎದ್ದುಹೋಗಿ ಅದರ ಬೆಲೆ ಬಂದು ಕೂರುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ಈ ಸಾಧನದಲ್ಲಿ ಸ್ಥಾನಿಯ ಗುರುತು ಡಾಲರ್ ಚಿಹ್ನೆ. ಅದರ ಮುಂದೆ ಕಂಸದೊಳಗೆ ಹೆಸರು. ಕಂಸ ಬರೀ ಅಲಂಕಾರವಲ್ಲ. ಅದನ್ನು ಬಿಟ್ಟರೆ ಮೇಕ್ ಹೆಸರಿನ ಮೊದಲ ಅಕ್ಷರವನ್ನಷ್ಟೇ ಮ್ಯಾಕ್ರೋ ಎಂದು ಓದಿ ಉಳಿದದ್ದನ್ನು ಹಾಗೇ ಬಿಡುತ್ತದೆ. ಮೇಕ್ ಕೊಡುವ ಅಪ್ಪಣೆಗಳನ್ನು ನಡೆಸುವ ಶೆಲ್‌ಗೂ ಅದೇ ಡಾಲರ್ ಬೇಕು. ಹಾಗಾಗಿ ಶೆಲ್‌ಗೆ ಒಂದು ಡಾಲರ್ ತಲುಪಿಸಲು ಎರಡು ಬರೆಯಬೇಕು. ಹೆಸರಿನ ಎರಡೂ ಬದಿಗೆ @ ಇಡುವ, ಇನ್ನೊಂದು ತಂತ್ರಾಂಶ ಸಾಧನವಾದ ಆಟೋಕಾನ್ಫ್‌ನ ಕ್ರಮವೇ ನನಗೆ ಮೇಲೆನಿಸುತ್ತದೆ. ಅಲ್ಲಿ ಶೆಲ್‌ನೊಡನೆ ಈ ಡಾಲರ್ ಜಗಳವಿಲ್ಲ.

ಕನ್ನಡದ ಕಂಪ್ಯೂಟರ್ ಬರಹಗಳಲ್ಲಿ ‘ಆದೇಶ’ ಅಪ್ಪಣೆಯ ಅರ್ಥಕ್ಕೆ ಸಂದುಹೋಗಿದೆ. ‘ಸ್ಥಾನಿ’ಗೆ ಆ ತೊಡಕಿಲ್ಲ. ಬೆಲೆ ಬಂದು ಕೂರುವ ಹೆಸರಿಗೆ, ಪಾಠ ಬರೆಯುವವರು ದಯವಿಟ್ಟು ಅದನ್ನು ಬಳಸಿ ನೋಡಿ.