ಕ್ರಿಯೆಗೆ ಮುನ್ನ, ಕ್ರಿಯೆಯ ನಂತರ: ಮಿದುಳಿನ ವಿದ್ಯುತ್ ದಾಖಲೆಗಳ ಚರಿತ್ರೆ

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಏರಿಳಿತಗಳನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದ ಮೇಲೆ, ತಲೆಗೆ ಎಲೆಕ್ಟ್ರೋಡ್‌ಗಳನ್ನು ಅಂಟಿಸಿ ಆ ಅಲೆಗಳನ್ನು ಬರೆದುಕೊಳ್ಳುವ ಇಇಜಿ ವಿಧಾನವು ಅಪಸ್ಮಾರ ಮತ್ತು ನಿದ್ರೆಯ ಅಧ್ಯಯನಕ್ಕೆ ಬೇಗನೆ ಒದಗಿತು. ಆದರೆ ವ್ಯಕ್ತಿಯು ತಾನಾಗಿ ಬೆರಳಾಡಿಸುವ ಮುನ್ನ ಮಿದುಳಿನಲ್ಲಿ ಏನು ನಡೆಯುತ್ತದೆಂಬ ಪ್ರಶ್ನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಅಂಥ ಸಂಕೇತವು ಕೆಲವೇ ಮೈಕ್ರೋವೋಲ್ಟ್‌ಗಳಷ್ಟಿದ್ದು ಹಿನ್ನೆಲೆಯ ಅಲೆಗಳಲ್ಲಿ ಮುಚ್ಚಿಹೋಗುತ್ತಿತ್ತು. ಹಲವು ದಾಖಲೆಗಳ ಸರಾಸರಿ ತೆಗೆದು ಅದನ್ನು ಬೇರ್ಪಡಿಸೋಣವೆಂದರೆ, ಸ್ವಪ್ರೇರಿತ ಚಲನೆಯಲ್ಲಿ ಎಣಿಕೆ ಆರಂಭಿಸಲು ಮುಂಗುರುತೇ ಇರಲಿಲ್ಲ.

ಫ್ರೈಬುರ್ಗ್‌ನ ಹಾನ್ಸ್ ಕಾರ್ನ್‌ಹೂಬರ್ ಮತ್ತು ಲ್ಯೂಡರ್ ಡೀಕೆ 1964ರಲ್ಲಿ ಅಲೆಗಳನ್ನು ಕಾಂತೀಯ ಟೇಪಿಗೆ ಇಳಿಸಿ, ಸ್ನಾಯು ಮಿಡಿದ ಕ್ಷಣವನ್ನೇ ಸೊನ್ನೆಯಾಗಿಟ್ಟು, ಟೇಪನ್ನು ಹಿಮ್ಮುಖವಾಗಿ ಓಡಿಸಿ ಸರಾಸರಿ ತೆಗೆದರು. ಚಲನೆಗೆ ಒಂದು ಸೆಕೆಂಡು ಅಥವಾ ಅದಕ್ಕೂ ಮೊದಲೇ ಆರಂಭವಾಗುವ, ನಿಧಾನವಾಗಿ ಋಣಾತ್ಮಕವಾಗುತ್ತ ಹೋಗುವ ಅಲೆಯೊಂದು ಆಗ ಕಂಡಿತು. ವ್ಯಕ್ತಿಯ ಕೈಯನ್ನು ಬೇರೆಯವರು ಆಡಿಸಿದಾಗ ಅದು ಕಾಣಲಿಲ್ಲ. 1965ರಲ್ಲಿ ಪ್ರಕಟವಾದ ಈ ಅಲೆಯನ್ನು ಸಿದ್ಧತಾ ವಿಭವವೆಂದು ಕರೆಯಬಹುದು. 1983ರಲ್ಲಿ ಬೆಂಜಮಿನ್ ಲಿಬೆಟ್ ತಂಡವು, ಈ ಅಲೆ ಚಲನೆಗೆ ಸುಮಾರು 550 ಮಿಲಿಸೆಕೆಂಡು ಮೊದಲೇ ತೊಡಗಿದರೆ, ಚಲಿಸಬೇಕೆಂಬ ಅರಿವು ಸುಮಾರು 200 ಮಿಲಿಸೆಕೆಂಡು ಮೊದಲಷ್ಟೇ ಮೂಡುತ್ತದೆಂದು ವರದಿ ಮಾಡಿ, ಇಚ್ಛಾಸ್ವಾತಂತ್ರ್ಯದ ಹಳೆಯ ವಾದವನ್ನು ಪ್ರಯೋಗಾಲಯಕ್ಕೆ ತಂದಿತು.

ಕ್ರಿಯೆಯ ನಂತರದ ಮೌಲ್ಯಮಾಪನವು 1990ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದಿತು. ಜರ್ಮನಿಯಲ್ಲಿ ಮೈಕೆಲ್ ಫಾಲ್ಕೆನ್‌ಸ್ಟೈನ್, ಅಮೆರಿಕದಲ್ಲಿ ವಿಲಿಯಂ ಗೆಹ್ರಿಂಗ್ ಮತ್ತು ಅವರ ಸಹೋದ್ಯೋಗಿಗಳು, ವೇಗದ ಪರೀಕ್ಷೆಯಲ್ಲಿ ತಪ್ಪು ಗುಂಡಿ ಒತ್ತಿದ ಸುಮಾರು 100 ಮಿಲಿಸೆಕೆಂಡುಗಳೊಳಗೆ, ತಪ್ಪಾಯಿತೆಂದು ಹೊರಗಿನಿಂದ ಯಾರೂ ತಿಳಿಸುವ ಮೊದಲೇ, ತಲೆಯ ಮುಂಭಾಗದ ನಡುವೆ ಚೂಪಾದ ಋಣಾತ್ಮಕ ಅಲೆ ಏಳುವುದನ್ನು ಪ್ರತ್ಯೇಕವಾಗಿ ಗುರುತಿಸಿದರು. ತಪ್ಪು ಹೊರಗಿನ ಸೂಚನೆಯಿಂದ ತಿಳಿಯುವಾಗಲೂ ಇಂಥದೇ ಅಲೆ ಏಳುವುದೆಂದು 1997ರಲ್ಲಿ ವರದಿಯಾಯಿತು.

2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಹಿಮ್ಮುಖ ಎಣಿಕೆಯನ್ನೇ ಪ್ರಶ್ನಿಸಿದರು. ಮಿದುಳಿನ ಸಹಜ ಏರಿಳಿತವು ಒಂದು ಮಿತಿಯನ್ನು ದಾಟಿದಾಗ ಚಲನೆ ಹೊಮ್ಮುವುದಾದರೆ, ಚಲನೆಯಿಂದ ಹಿಂದಕ್ಕೆ ಎಣಿಸಿ ಸರಾಸರಿ ತೆಗೆದಾಗ ನಿರ್ಧಾರವಿಲ್ಲದೆಯೂ ಅಂಥ ಇಳಿಜಾರು ಮೂಡಬಲ್ಲದು. ಏರಿಳಿತ ಮಿತಿಯ ಹತ್ತಿರ ಬಂದೂ ಚಲನೆಯಾಗದ ಕ್ಷಣಗಳು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ತಪ್ಪಿನ ಅಲೆಯ ಅರ್ಥದ ಬಗ್ಗೆಯೂ ಭಿನ್ನಾಭಿಪ್ರಾಯಗಳಿವೆಯಾದರೂ, ಅಲ್ಲಿ ಸರಿಯಾದ ಒತ್ತುವಿಕೆಗಳು ಹೋಲಿಕೆಗೆ ಸದಾ ಒದಗುತ್ತವೆ. ಸಿದ್ಧತಾ ವಿಭವಕ್ಕೆ ಅಂಥ ಪ್ರತಿಪಕ್ಷ ಸುಲಭವಾಗಿ ದೊರೆಯದಿರುವುದರಿಂದಲೇ, ಅದನ್ನು ಗೋಚರಗೊಳಿಸಿದ ವಿಧಾನವೇ ಅದರ ಬಗೆಗಿನ ಸಂದೇಹಕ್ಕೂ ಮೂಲವಾಗಿದೆ.